ರೊಟ್ಟಿ ಮಾಡಾಕ ಬರೋ ಹೆಣ್ಮಗಳು

ಓದುವ ಎಲ್ಲರಿಗೂ ಹಾನಗಲ್ಲಿನಿಂದ ನಮಸ್ಕಾರ. ನಾನು ಹತ್ತನೇ ಇಯತ್ತೆ ಪಾಸಾದದ್ದು ನಲವತ್ತೊಂದನೇ ವಯಸ್ಸಿಗೆ. ಅದೂ ಹೊರಗಿನಿಂದ ಪರೀಕ್ಷೆ ಕಟ್ಟಿ, ಮಗಳ ಹಳೆಯ ಪುಸ್ತಕ ಓದಿ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ, ಮಾತು ಹಿಂದುಮುಂದಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಸಲ ಪಂಚಮಿ ರಜೆಯಲ್ಲಿ ಮಗಳ ಜೊತೆ ಮಾಡಿದ ಎರಡು ದಿನದ ಪ್ರಯಾಣ ಇದು. ಬರೆಯಲು ಮಗಳ ಒಪ್ಪಿಗೆ ಇದೆ. ಹೆಸರು ಬದಲಿಸು ಎಂದಳು, ಬದಲಿಸಿದ್ದೇನೆ.

ನಾನು ಒಂದು ರೈಸ್ ಮಿಲ್ಲಿನಲ್ಲಿ ಹಮಾಲನಾಗಿದ್ದೆ. ಬೆನ್ನು ಹಿಡಿದುಕೊಂಡ ಮೇಲೆ ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಹಾಕಿದ್ದಾರೆ. ಹೆಂಡತಿ ಗಿರಿಜಾ ಮಂದಿಯ ಮನೆಗಳಿಗೆ ಹೋಗಿ ರೊಟ್ಟಿ ಬಡಿಯುತ್ತಾಳೆ, ಎರಡು ಖಾನಾವಳಿಗಳಿಗೂ ಮಾಡಿ ಕೊಡುತ್ತಾಳೆ. ಒಬ್ಬಳೇ ಮಗಳು ಕಾವೇರಿ, ಹಿರೇಕೆರೂರಿನ ಒಂದು ಖಾಸಗಿ ವಸತಿ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ. ಹತ್ತನೇಯಲ್ಲಿ ಮಾರ್ಕ್ಸ್ ಚಲೋ ಬಂದಿದ್ದಕ್ಕೆ ಅವಳಿಗೆ ಫೀ ಇಲ್ಲ. ಅವಳ ಖೋಲಿಯಲ್ಲಿ ಇನ್ನಿಬ್ಬರು ಗೆಳತಿಯರು: ಶಿಗ್ಗಾವಿಯ ಸಹನಾ, ಸವಣೂರಿನ ನಾಜಿಯಾ.

ನಮ್ಮ ಕಡೆ ನಾಗರ ಪಂಚಮಿಗೆ ಮುಂಚೆ ರೊಟ್ಟಿ ಹಬ್ಬ ಬರುತ್ತದೆ. ಮನೆ ಮನೆಯಲ್ಲೂ ಗರಿಗರಿ ಒಣಗಿದ ಕಟಿ ರೊಟ್ಟಿ ಮಾಡಿ, ಚಟ್ನಿಪುಡಿ, ಪಲ್ಯ ಇಟ್ಟು, ಬೇಕಾದವರ ಮನೆಗೆ ಕೊಟ್ಟು, ಅವರ ಮನೆಯದನ್ನು ತರುತ್ತೇವೆ. ಬೀಗರಿರಲಿ ಗೆಳೆಯರಿರಲಿ, ರೊಟ್ಟಿ ಕೊಟ್ಟು ತಂದ ಮೇಲೆ ನಮ್ಮವರು. ಈ ಮೂವರು ಹುಡುಗಿಯರು ಹಬ್ಬದ ಮರುದಿನ ಹಾಗೆ ಒಬ್ಬರ ಮನೆಗೊಬ್ಬರು ರೊಟ್ಟಿ ಒಯ್ದು, ಅಲ್ಲಿಂದ ಕೂಡಿಯೇ ಹಾಸ್ಟೆಲಿಗೆ ಹೋಗುವುದು ಎಂದು ಮಾತಾಡಿಕೊಂಡಿದ್ದರು. ಜೊತೆಗೆ ದೊಡ್ಡವರೊಬ್ಬರು ಬೇಕು ಎಂದು ಸಹನಾಳ ಮನೆಯವರು ಹೇಳಿದ್ದರಿಂದ ನಾನು ಎರಡು ದಿನ ಸೂಟಿ ಕೇಳಿ ಹೊರಟೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಹಾನಗಲ್ ಬಸ್ ನಿಲ್ದಾಣ ಬಿಟ್ಟೆವು. ಜಿಟಿಜಿಟಿ ಮಳೆ. ರೊಟ್ಟಿ ಮೆತ್ತಗಾಗಬಾರದು ಎಂದು ಗಿರಿಜಾ ಬಿಳಿ ಅರಿವೆಯಲ್ಲಿ ಸುತ್ತಿ ಎಣ್ಣೆಯ ಹಳೆಯ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದಳು. ಜೋಳದವು ಇಪ್ಪತ್ತು, ಎಳ್ಳು ಹಚ್ಚಿದ ಸಜ್ಜಿಯವು ಇಪ್ಪತ್ತು. ಹಬ್ಬಕ್ಕೆ ಮಂದಿಯವೆಲ್ಲ ಮುಗಿಸಿ ಕೊನೆಗೆ ನಮ್ಮವನ್ನು ಬಡಿದಿದ್ದಳು. ಮಗಳಿಗೆ ಆಧಾರ್ ತೋರಿಸಿದರೆ ಟಿಕೆಟ್ ದುಡ್ಡಿಲ್ಲ. ನನಗೆ ಶಿಗ್ಗಾವಿಗೆ ಐವತ್ತರ ಒಳಗೇ ಆಯಿತು. ಹೊಲಗಳಲ್ಲಿ ಗೋವಿನಜೋಳ ಮೊಣಕಾಲೆತ್ತರ ಬಂದಿತ್ತು. ನಾನು ಕಿಟಕಿಯಲ್ಲಿ ಅದನ್ನೇ ನೋಡುತ್ತಿದ್ದೆ. ಬಂಕಾಪುರ ಬರುವ ಮುಂಚೆ ಕಾವೇರಿ ಬಾಯಿ ಬಿಟ್ಟಳು.

"ಅಪ್ಪಾ, ಒಂದ ಮಾತು. ಸಿಟ್ಟಾಗಬ್ಯಾಡ."

"ಏನ?"

"ಅಲ್ಲಿ ನಿನ್ನ ಕೆಲಸಾ ಕೇಳಿದ್ರ, ಮಿಲ್ಲಿನ ಮ್ಯಾನೇಜರ್ ಅನ್ನು. ನಾ ಹಂಗ ಹೇಳೇನಿ."

ನನಗೆ ನಗು ಬಂತು. "ಮ್ಯಾನೇಜರ್ ಪಗಾರ ನೀ ಕೊಡ್ತಿಯೇನು?"

"ಚ್ಯಾಷ್ಟಿ ಬ್ಯಾಡಪ್ಪಾ. ಇನ್ನೊಂದೈತಿ." ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ತಿರುವುತ್ತ ಕುಳಿತಳು. "ಹಾಸ್ಟೆಲಿಗೆ ಅವ್ವನ ರೊಟ್ಟಿ ಒಯ್ದಾಗೆಲ್ಲಾ ಯಾರ ಮಾಡಿದ್ದು ಅಂತ ಕೇಳತಿದ್ರು. ನಮ್ಮನಿಗೆ ರೊಟ್ಟಿ ಮಾಡಾಕ ಒಬ್ಬಾಕಿ ಹೆಣ್ಮಗಳು ಬರ್ತಾಳ ಅಂತ ಹೇಳೇನಿ."

ಅವಳೇ ಮುಂದುವರಿಸಿದಳು. ಮೊದಲನೇ ವಾರ ಹಾಸ್ಟೆಲಿನಲ್ಲಿ ಯಾರೋ ನಿಮ್ಮ ಮಮ್ಮಿ ಏನು ಮಾಡುತ್ತಾರೆ ಎಂದು ಕೇಳಿದರಂತೆ, ಮನೆಯಲ್ಲಿರುತ್ತಾರೆ ಎಂದಳಂತೆ. ಆಮೇಲೆ ಒಂದಕ್ಕೊಂದು ಸೇರುತ್ತ ಹೋಯಿತು. ಈ ಸಲ ಗೆಳತಿಯರು ಮೊದಲು ಹಾನಗಲ್ಲಿಗೇ ಬರುತ್ತೇವೆ ಎಂದಾಗ ಮನೆಗೆ ಬಣ್ಣ ಹಚ್ಚುತ್ತಿದ್ದಾರೆ ಎಂದು ತಪ್ಪಿಸಿದ್ದಳು.

"ಅವ್ವಗ ಗೊತ್ತೈತೇನು?" ಎಂದೆ.

"ಇಲ್ಲ. ನೀನೂ ಹೇಳಬ್ಯಾಡ. ಅಲ್ಲಿ ಸುಮ್ಮನ ಇರು, ಅಷ್ಟ ಸಾಕು."

ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬೈಯಲು ಬಾಯಿ ಬರಲಿಲ್ಲ. ನಾನೂ ಎಷ್ಟೋ ವರ್ಷ, ಸಹಿ ಬಿಟ್ಟರೆ ಬೇರೇನೂ ಬರೆಯಲು ಬಾರದಿದ್ದಾಗ, ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ತಿರುಗಿದವನು. ಬ್ಯಾಂಕಿನಲ್ಲಿ ಯಾರಾದರೂ ಫಾರಂ ತುಂಬಿಕೊಡಿ ಎಂದರೆ ಕನ್ನಡಕ ಮರೆತು ಬಂದಿದ್ದೇನೆ ಅನ್ನುತ್ತಿದ್ದೆ. ನನಗೆ ಕನ್ನಡಕವೇ ಇರಲಿಲ್ಲ. ಅದಕ್ಕೇ ಆಗಲಿ ಎಂದು ಮಾತು ಕೊಟ್ಟೆ.

ಶಿಗ್ಗಾವಿಯಲ್ಲಿ ಇಳಿದಾಗ ಹತ್ತಾಗುತ್ತ ಬಂದಿತ್ತು. ಸಹನಾ ಛತ್ರಿ ಹಿಡಿದು ನಿಲ್ದಾಣಕ್ಕೇ ಬಂದಿದ್ದಳು. ಎತ್ತರದ, ಜೋರು ದನಿಯ ಹುಡುಗಿ. "ಬರ್ರಿ ಕಾಕಾ" ಎಂದು ನನ್ನ ಕೈಯಿಂದ ಡಬ್ಬಿ ಕಸಿದುಕೊಂಡಳು. ಅವರದು ಪೇಟೆಯಲ್ಲಿ ಬಟ್ಟೆ ಅಂಗಡಿ, ಹಿಂದೆಯೇ ಮನೆ. ಉಪ್ಪಿಟ್ಟು, ಶೇಂಗಾ ಉಂಡಿ, ಅಳ್ಳಿಟ್ಟಿನ ಉಂಡಿ ಕೊಟ್ಟರು. ಅವಳ ತಂದೆ ಅಂಗಡಿಯಿಂದ ಒಂದು ಗಳಿಗೆ ಬಂದು "ಮ್ಯಾನೇಜರ್ ಸಾಹೇಬರು ಬಂದ್ರಿ, ಭಾಳ ಸಂತೋಷ" ಎಂದು ಕೈಮುಗಿದರು. ನಾನೂ ಕೈಮುಗಿದೆ. ಅಂಗೈಯ ಗಟ್ಟಿ ಚರ್ಮ ಕಾಣದ ಹಾಗೆ ಬೇಗ ಇಳಿಸಿದೆ.

ಸಹನಾಳ ಅಜ್ಜಿಯನ್ನು ಆ ಮನೆಯಲ್ಲಿ ಎಲ್ಲರೂ ಆಯಿ ಅನ್ನುತ್ತಾರೆ. ಎಂಬತ್ತರ ಹತ್ತಿರದವರು, ಕಿವಿ ಮಂದ. ನಮ್ಮ ಡಬ್ಬಿ ಬಿಚ್ಚಿಸಿ ಒಂದು ರೊಟ್ಟಿ ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದರು. ಬಟ್ಟೆ ವ್ಯಾಪಾರದವರು ಸೀರೆಯ ನೇಯ್ಗೆ ನೋಡುವ ಹಾಗೆ ನೋಡಿದರು.

"ಎಲ್ಲೂ ತ್ಯಾಪಿ ಇಲ್ಲ, ಅಂಚು ಸೀಳಿಲ್ಲ. ಇಪ್ಪತ್ತಕ್ಕ ಇಪ್ಪತ್ತೂ ಒಂದ ಅಳತಿ. ಯಾರ ಕೈದವು ಇವು?"

ಕಾವೇರಿಗಿಂತ ಮುಂಚೆ ಸಹನಾಳೇ ಕಿವಿಯ ಹತ್ತಿರ ಬಾಗಿ ಕೂಗಿದಳು. "ಕಾವೇರಿ ಮನಿಗೆ ಒಬ್ಬಾಕಿ ಬರ್ತಾಳ ಆಯಿ, ಆಕೀವು!"

"ಇಂಥಾ ಕೈ ಈಗ ಎಲ್ಲಿ ಸಿಗತಾವು! ನಮ್ಮೂರಾಗ ಒಬ್ಬಾಕಿಗೆ ಹೇಳಿದ್ರ ಅರಧಾ ಹಿಟ್ಟು, ಅರಧಾ ಕರಕ ತಂದ ಕೊಡತಾಳ." ಆಯಿ ನನ್ನ ಕಡೆ ತಿರುಗಿದರು. "ಮುಂದಿನ ತಿಂಗಳ ದೊಡ್ಡ ಮೊಮ್ಮಗಳ ಕುಬಸ ಐತ್ರಿ. ಬಸರಿ ಹುಡುಗಿ, ಬೀಗರು ಊರ ತುಂಬ ಮಂದಿ ಕರಕೊಂಡ ಬರೋರು. ಐನೂರು ರೊಟ್ಟಿ ಬೇಕು. ಆ ಹೆಣ್ಮಗಳ ನಂಬರ್ ಕೊಡ್ರಿ."

ನಾನು ಕಾವೇರಿಯ ಮುಖ ನೋಡಿದೆ. ಅವಳು, "ಆಕಿ ಕಡೆ ಫೋನಿಲ್ರಿ ಆಯಿ" ಎಂದಳು.

"ಹಂಗಾರ ನಿಮ್ಮವ್ವನ್ನ ಕೇಳತೇನಿ. ಸಹನಾ, ಹಚ್ಚು ಫೋನ್."

ಸಹನಾಳ ಹತ್ತಿರ ನಮ್ಮ ಮನೆಯ ನಂಬರ್ ಇತ್ತು. ಆಯಿಗೆ ಕೇಳಲೆಂದು ಸ್ಪೀಕರ್ ಮಾಡಿ ಮಂಚದ ಮೇಲೆ ಇಟ್ಟಳು. ಗಿರಿಜಾ ಎತ್ತಿದಳು. ಹಿಂದೆ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಒಂದು ಕೈಯಿಂದ ಬಡಿಯುತ್ತಲೇ ಮಾತಾಡುವುದು ಅವಳ ರೂಢಿ. ಕ್ಷೇಮ ಸಮಾಚಾರ ಮುಗಿಸಿ ಆಯಿ ವಿಷಯಕ್ಕೆ ಬಂದರು.

"ನಿಮ್ಮನಿಗೆ ರೊಟ್ಟಿ ಮಾಡಾಕ ಬರೋ ಹೆಣ್ಮಗಳು ಅದಾಳಲ್ರಿ, ಆಕಿನ್ನ ಎರಡ ದಿವಸ ನಮ್ಮನಿಗೆ ಕಳಸ್ತೀರೇನು?"

ಟಪ್ ಟಪ್ ನಿಂತಿತು.

"ನಮ್ಮನಿಗೆ... ಬರೋಕಿ?" ಎಂದಳು ಗಿರಿಜಾ.

"ಹೂನ್ರಿ, ನಿಮ್ಮ ಕಾವೇರಿ ಹೇಳಿದ್ಲು."

ಸಹನಾ ಲೈನ್ ಕಟ್ಟಾಯಿತೇ ಎಂದು ಫೋನ್ ಎತ್ತಿ ನೋಡಿದಳು. ಆಮೇಲೆ ಗಿರಿಜಾಳ ದನಿ ಬಂತು. "ಹೌದ್ರಿ. ಆಕಿಗೆ ಹೇಳತೇನ್ರಿ. ಬರ್ತಾಳ್ರಿ."

"ಜ್ವಾಕಿ ಹೆಣ್ಮಗಳು ಹೌದಿಲ್ರಿ? ಕುಬಸದ ಮನಿ, ಬಂಗಾರ ಬೆಳ್ಳಿ ಅಲ್ಲೆ ಇಲ್ಲೆ ಇಟ್ಟಿರತಾರ. ಹೊರಗಿನೋರ ಕೈ, ಹೇಳಾಕ ಬರಂಗಿಲ್ಲ."

"ಇಲ್ರಿ," ಎಂದಳು ಗಿರಿಜಾ. "ಆಕಿ ಅಂಥಾಕಿ ಅಲ್ರಿ. ನಾ ಹೇಳತೇನಲ್ರಿ."

"ನೀವ ಹೇಳಿದ ಮ್ಯಾಲ ಮುಗೀತು. ಮತ್ತ ನೀವೂ ಕುಬಸಕ್ಕ ಬರಬೇಕು ನೋಡ್ರಿ, ಮಗಳನ್ನ ಕರಕೊಂಡು."

ಆಯಿಯನ್ನು ನಾನು ತಪ್ಪು ಅನ್ನುವುದಿಲ್ಲ. ಕೆಲಸಕ್ಕೆ ಬರುವವರ ಬಗ್ಗೆ ಎಲ್ಲ ಮನೆಯಲ್ಲೂ ಕೇಳುವ ಮಾತದು. ಗಿರಿಜಾಳ ಬಗ್ಗೆಯೂ ಎಷ್ಟೋ ಮನೆಯಲ್ಲಿ ಕೇಳಿರಬೇಕು. ಅವಳನ್ನೇ ಕೇಳಿದ್ದು ಮಾತ್ರ ಇದೇ ಮೊದಲು. ಕಾವೇರಿ ಉಂಡಿ ಹಿಡಿದ ಕೈಯನ್ನು ಮಡಿಲಲ್ಲಿಟ್ಟು ಕುಳಿತಿದ್ದಳು. ನಾನೂ ಸುಮ್ಮನೆ ಕುಳಿತಿದ್ದೆ. ಇನ್ನು ಒಂದು ತಿಂಗಳಿಗೆ ಗಿರಿಜಾ ಇದೇ ಮನೆಯ ಹಿತ್ತಲಲ್ಲಿ ಕುಳಿತು ರೊಟ್ಟಿ ಬಡಿಯಬೇಕು, ಮಗಳು ನಡುಮನೆಯಲ್ಲಿ ಕುಳಿತು ಉಣ್ಣಬೇಕು, ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿಯಬಾರದು.

ಮಧ್ಯಾಹ್ನ ಊಟ ಮುಗಿಸಿ ಅವರ ರೊಟ್ಟಿ ಕಟ್ಟಿಸಿಕೊಂಡು ಸವಣೂರಿನ ಬಸ್ಸು ಹತ್ತಿದೆವು. ಸೀಟು ಸಿಕ್ಕಿತು. ಮುಕ್ಕಾಲು ಗಂಟೆಯ ದಾರಿ, ಕರಿ ಮಣ್ಣಿನ ಸೀಮೆ, ಮಳೆ ನಿಂತು ಬಿಸಿಲು ಬಿತ್ತು. ಸಹನಾ ದಾರಿಯುದ್ದಕ್ಕೂ ಮಾತಾಡಿದಳು. "ನಿಮ್ಮನಿ ಹೆಣ್ಮಗಳು ಬರಲಿ, ನಾ ಆಕಿ ಬಾಜೂಕ ಕುಂತು ಬಡಿಯೋದು ಕಲೀತೇನಿ. ಆಕಿ ಹೆಸರೇನ?" ಎಂದು ಕೇಳಿದಳು. ಕಾವೇರಿ, "ನನಗ ವಾಂತಿ ಬಂದಂಗ ಆಗಾಕತ್ತೈತಿ" ಎಂದು ಕಿಟಕಿಗೆ ತಲೆಯಿಟ್ಟಳು. ಸಹನಾ ತನ್ನ ಚೀಲದಿಂದ ನಿಂಬೆಹಣ್ಣು ತೆಗೆದು ಅವಳ ಮೂಗಿಗೆ ಹಿಡಿದಳು, ಬೆನ್ನು ತಿಕ್ಕಿದಳು.

ಸವಣೂರಿನಲ್ಲಿ ನಾಜಿಯಾಳ ಮನೆ ಪೇಟೆಯ ಹಿಂದಿನ ಓಣಿಯಲ್ಲಿ. ತಂದೆ ವೀಳ್ಯದೆಲೆ ವ್ಯಾಪಾರಿ, ತಾಯಿ ಸೀರೆಗಳಿಗೆ ಫಾಲ್ ಹಚ್ಚುತ್ತಾರೆ. ಒಂದು ಖೋಲಿ, ಒಂದು ಅಡಿಗೆ ಮನೆ. ನಿಮಗೆ ಶ್ರಾವಣ ಎಂದು ಆ ತಾಯಿ ತತ್ತಿ ಕೂಡ ಒಳಗೆ ತರದೆ ಬದನೆಕಾಯಿ ಪಲ್ಯ, ಬೇಳೆ, ಅನ್ನ ಮಾಡಿದ್ದರು. ಮೇಲೆ ಸವಣೂರ ಖಾರ ಎಂಬ ಕುರುಕಲು ತಿಂಡಿ ಒಂದು ಪೊಟ್ಟಣ. ಗಿರಿಜಾಳ ರೊಟ್ಟಿಯನ್ನು ಅವರೂ ಮುರಿದು, ಸಪ್ಪಳ ಕೇಳಿ, "ಎಷ್ಟ ತೆಳ್ಳಗ ಅದಾವ್ರಿ" ಎಂದರು. ಕಾವೇರಿ ತಲೆ ಎತ್ತಲಿಲ್ಲ.

ಉಂಡ ಮೇಲೆ ನಾಜಿಯಾ ಸೊಂಟಕ್ಕೆ ಕೈಯಿಟ್ಟು ನಿಂತು ನನಗೆ ಹೇಳಿದಳು: "ಕಾಕಾ, ಮೊದಲ ಹೇಳಿಬಿಡ್ತೇನಿ, ನಮ್ಮನ್ಯಾಗ ಚಾದರ ಇರೋದ ಮೂರು. ನಿಮಗ ಒಂದು, ಇವರಿಬ್ಬರಿಗೆ ಒಂದು, ನಾನು ಅಮ್ಮಿ ಒಂದು. ಅಬ್ಬಾ ದೊಡ್ಡಪ್ಪನ ಮನ್ಯಾಗ ಮಲಗತಾರ. ರಾತ್ರಿ ಸಹನಾ ಒದೀತಾಳ, ಅದಕ್ಕ ನಾ ಜವಾಬ್ದಾರಿ ಅಲ್ಲ." ಎಲ್ಲರೂ ನಕ್ಕರು. ಅವರಮ್ಮಿಯೂ ಸೂಜಿ ಹಿಡಿದುಕೊಂಡೇ ನಕ್ಕರು. ಕಾವೇರಿ ಮಾತ್ರ ನಾಜಿಯಾಳ ಮುಖವನ್ನೇ ನೋಡುತ್ತಿದ್ದಳು. ಚಾದರ ಮೂರೇ ಇವೆ ಎಂಬ ಮಾತು ಇಷ್ಟು ಹಗುರಾಗಿ ಬಾಯಿಂದ ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಭಾನುವಾರ ಬೆಳಿಗ್ಗೆ ಚಹಾ ಕುಡಿದು ಊರಿನ ದೊಡ್ಡ ಹುಣಸೆ ಮರಗಳನ್ನು ನೋಡಲು ಹೋದೆವು. ಹೆಸರು ಹುಣಸೆ, ಆದರೆ ನಮ್ಮ ಹುಣಸೆಯ ಜಾತಿ ಅಲ್ಲ. ಮೂರು ಮರ. ಕಾಂಡ ಆನೆಯ ಮೈಯ ಹಾಗೆ ಬೂದು ಬಣ್ಣ. ಒಂದು ಮರವನ್ನು ನಾವು ನಾಲ್ವರು ಕೈ ಕೈ ಹಿಡಿದು ಸುತ್ತುವರಿಯಲು ನೋಡಿದೆವು, ಅರ್ಧವೂ ಆಗಲಿಲ್ಲ. ನನ್ನ ಬೆನ್ನು ನೋವು ಶುರುವಾಗಿತ್ತು, ಪಕ್ಕದಲ್ಲಿ ಕುಳಿತೆ. ಹುಡುಗಿಯರು ಫೋಟೋ ತೆಗೆಯುತ್ತಿದ್ದರು. ಆಗ ಕಾವೇರಿ ಯಾವ ಪೀಠಿಕೆಯೂ ಇಲ್ಲದೆ ಹೇಳಿಬಿಟ್ಟಳು.

"ಸಹನಾ, ನಿಮ್ಮ ಆಯಿ ಕರದ ಹೆಣ್ಮಗಳು ನಮ್ಮವ್ವ."

"ಅಂದ್ರ?"

"ನಮ್ಮನಿಗೆ ಯಾರೂ ರೊಟ್ಟಿ ಮಾಡಾಕ ಬರಂಗಿಲ್ಲ. ನಮ್ಮವ್ವನೇ ಮಂದಿ ಮನಿಗೆ ಮಾಡಾಕ ಹೋಗತಾಳ. ಅಪ್ಪ ಮ್ಯಾನೇಜರ್ ಅಲ್ಲ, ಚೀಲಾ ಹೊಲೀತಾನ. ಬಣ್ಣಾ ಹಚ್ಚಾಕತ್ತಾರ ಅಂದಿದ್ದೂ ಸುಳ್ಳು. ತಗಡಿನ ಮನಿ ಅದು, ಎಲ್ಲಿ ಹಚ್ಚೋದು ಬಣ್ಣಾ?"

ಸಹನಾ ನನ್ನನ್ನು ನೋಡಿದಳು. ನಾನು ಹೌದು ಎಂದು ತಲೆಯಾಡಿಸಿದೆ.

ಮೊದಲು ಮಾತಾಡಿದವಳು ನಾಜಿಯಾ. "ನನಗ ಅನುಮಾನ ಇತ್ತು. ಹಾಸ್ಟೆಲಿನ್ಯಾಗ ಅಡಗಿ ಅಕ್ಕ ಬರಲಾರದ ದಿನ ನೀ ಕುಂತು ನಲವತ್ತ ರೊಟ್ಟಿ ಬಡದಿ. ಆಳ ಇಟಗೊಂಡ ಮನಿ ಹುಡುಗಿ ಕೈ ಹಂಗ ತಿರಗತಾವೇನ?"

"ಮತ್ತ ಯಾಕ ಕೇಳಲಿಲ್ಲ?"

"ನೀನ ಹೇಳ್ತಿ ಅಂತ ಬಿಟ್ಟಿದ್ದೆ. ಭಾಳ ತಡಾ ಮಾಡಿದಿ ಬಿಡು."

ಸಹನಾಳ ಮುಖ ಕೆಂಪಾಗಿತ್ತು. "ನಮ್ಮ ಆಯಿ ನಿಮ್ಮವ್ವಗ ಆಕಿ ಕಳ್ಳಿ ಹೌದೋ ಅಲ್ಲೋ ಅಂತ ಕೇಳಿದ್ಲು. ನನ್ನ ಫೋನಿನ್ಯಾಗ. ನೀ ಉಂಡಿ ಹಿಡಕೊಂಡ ಕುಂತಿದ್ದಿ. ನಿನಗ ಏನೂ ಅನಸಲಿಲ್ಲ?"

"ಅನಸಿತು."

"ಅನಸಿ ಏನ ಮಾಡಿದಿ?"

ಸಹನಾ ಮರದ ಆಚೆ ಬದಿಗೆ ಹೋಗಿಬಿಟ್ಟಳು. ಆ ಮರದ ಆಚೆ ಹೋದರೆ ಮನುಷ್ಯ ಕಾಣುವುದಿಲ್ಲ. ನಾಜಿಯಾ ಅತ್ತ ಒಂದು ಸಲ ಇತ್ತ ಒಂದು ಸಲ ಓಡಾಡಿದಳು. ಕೊನೆಗೆ ಬಸ್ಸಿಗೆ ಹೊತ್ತಾಯಿತು ಎಂದು ನಾನೇ ಎದ್ದೆ.

ಸವಣೂರಿನಿಂದ ಹಾವೇರಿಗೆ ಒಂದು ತಾಸು. ಸಹನಾ ಗೆಳತಿಯರ ಜೊತೆ ಕೂರದೆ ಬಂದು ನನ್ನ ಪಕ್ಕದ ಸೀಟಿನಲ್ಲಿ ಕುಳಿತಳು. ಬಹಳ ಹೊತ್ತು ಕೈಯಲ್ಲಿನ ಟಿಕೆಟನ್ನು ಮಡಚಿ ಮಡಚಿ ಬಿಚ್ಚಿದಳು.

"ಕಾಕಾ, ವರ್ಷದ ಮ್ಯಾಲಾತು ಒಂದ ತಾಟಿನ್ಯಾಗ ಉಂಡೇವಿ. ನನಗ ಹೇಳಿದ್ರ ನಾ ನಕ್ಕಬಿಡ್ತಿದ್ನೇನ್ರಿ?"

"ಗೊತ್ತಿಲ್ಲವ್ವಾ," ಎಂದೆ. "ಆಕಿಗೂ ಗೊತ್ತಿರಲಿಲ್ಲ. ಅದಕ್ಕ ಅಂಜಿದ್ಲು."

ಅವಳು ಯೋಚನೆ ಮಾಡಿದಳು. "ಮೊದಲನೇ ವರ್ಷ ಆಗಿದ್ರ ನಗತಿದ್ದೆ ಏನೋ," ಎಂದಳು. ಈ ಮಾತಿಗೆ ಆ ಹುಡುಗಿಯ ಮೇಲೆ ನನಗೆ ಗೌರವ ಬಂತು. ನಗುತ್ತಿರಲಿಲ್ಲ ಎಂದು ಹೇಳುವುದು ಸುಲಭವಿತ್ತು.

ಹಾವೇರಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿ ಇಡ್ಲಿ ವಡೆ ತಿಂದೆವು, ದುಡ್ಡು ಕೊಡಲು ಸಹನಾ ಪರ್ಸ್ ತೆಗೆದಳು, ನಾನು ಬಿಡಲಿಲ್ಲ. ಹಿರೇಕೆರೂರಿಗೆ ಹತ್ತಿರ ಹತ್ತಿರ ಎರಡು ತಾಸು ಹಿಡಿಯಿತು. ಮತ್ತೆ ಮಳೆ, ಕಿಟಕಿಯ ಗಾಜು ಏರುತ್ತಿರಲಿಲ್ಲ, ನನ್ನ ಎಡಗೈ ಪೂರ್ತಿ ತೊಯ್ದುಹೋಯಿತು. ನಾಜಿಯಾ ಕಾವೇರಿಯ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದ್ದಳು. ಕಾವೇರಿ ಎಚ್ಚರವಾಗಿದ್ದಳು. ಹಿಂದೆ ತಿರುಗಿ ಸಹನಾಳನ್ನು ನೋಡುವುದು, ಮತ್ತೆ ಮುಂದೆ ನೋಡುವುದು, ಇಷ್ಟೇ ಮಾಡಿದಳು.

ಹಿರೇಕೆರೂರಿನ ನಿಲ್ದಾಣದಲ್ಲಿ ಇಳಿದ ಕೂಡಲೇ ಸಹನಾ ಫೋನ್ ತೆಗೆದು ಕಾವೇರಿಯ ಮುಂದೆ ಹಿಡಿದಳು. ಮರದ ಹತ್ತಿರ ಬಿಟ್ಟು ಹೋದ ಮೇಲೆ ಅವಳ ಜೊತೆ ಆಡಿದ ಮೊದಲ ಮಾತು. "ಆಯಿಗೆ ಹಚ್ಚೇನಿ. ನಾ ಹೇಳಂಗಿಲ್ಲ, ನೀನ ಹೇಳು."

ಆಯಿಯ ಕಿವಿ ಮಂದ ಎಂದು ಹೇಳಿದ್ದೇನೆ. ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ. ಬಸ್ ನಿಲ್ದಾಣದ ನಡುವೆ, ಅಷ್ಟು ಮಂದಿಯ ಎದುರು, ಕಾವೇರಿ ಕೂಗಿ ಹೇಳಬೇಕಾಯಿತು.

"ಆಯಿ, ಆ ರೊಟ್ಟಿ ನಮ್ಮವ್ವನ ಮಾಡಿದ್ದು! ನಮ್ಮವ್ವ! ಹೂನ್ರಿ, ಆಕಿನ ಮಂದಿ ಮನ್ಯಾಗ ರೊಟ್ಟಿ ಮಾಡತಾಳ! ನಾ ಸುಳ್ಳ ಹೇಳಿದ್ದೆ!"

ಕಡಲೆ ಮಾರುವವಳು ತಿರುಗಿ ನೋಡಿದಳು. ಇಬ್ಬರು ಕಂಡಕ್ಟರುಗಳು ನೋಡಿದರು. ಕಾವೇರಿ ಕಣ್ಣು ಮುಚ್ಚಿಕೊಂಡು ಕೂಗುತ್ತಿದ್ದಳು. ಆ ಕಡೆಯಿಂದ ಆಯಿಯ ದನಿ ನಮಗೆಲ್ಲ ಕೇಳಿತು.

"ಅಯ್ಯ ನನ್ನ ಶಿವನ. ಆಕಿಗೆ ನಾ ಏನೇನ ಕೇಳಿದ್ನಲ್ಲ. ಮೊದಲ ನೀ ಫೋನ್ ಇಡವ್ವಾ, ನಾ ಆಕಿ ಕೂಡ ಮಾತಾಡಬೇಕು."

ಕಾಲೇಜು ಅಲ್ಲಿಂದ ಅರ್ಧ ಮೈಲು. ನಡೆದುಕೊಂಡು ಹೋದೆವು. ಗೇಟಿನ ಒಳಗೆ ಗಂಡಸರನ್ನು ಬಿಡುವುದಿಲ್ಲ, ನಾನು ಚೀಲಗಳನ್ನು ಅಲ್ಲೇ ಇಳಿಸಿದೆ. ಸಹನಾ ಕಾವೇರಿಗೆ, "ನನ್ನ ಸಿಟ್ಟ ಇನ್ನೂ ಇಳದಿಲ್ಲ, ತಿಳೀತಿಲ್ಲ?" ಎಂದಳು.

"ತಿಳೀತು."

"ದೀಪಾವಳಿ ಸೂಟಿಗೆ ನಿಮ್ಮನಿಗೆ ಬರಾವರ ನಾವು. ತಗಡ ಇರಲಿ, ಏನರ ಇರಲಿ."

"ಚಾದರ ಎಷ್ಟ ಅದಾವು ಮೊದಲ ಅದನ್ನ ಕೇಳಲೇ," ಎಂದಳು ನಾಜಿಯಾ.

ಕಾವೇರಿ ನಗಲು ಹೋಗಿ ಅತ್ತಳು. ಸಹನಾ ಅವಳ ಚೀಲವನ್ನೂ ತಾನೇ ಎತ್ತಿಕೊಂಡು ಮುಂದೆ ನಡೆದಳು, ಹಿಂತಿರುಗಿ ನೋಡಲಿಲ್ಲ. ಮೂವರೂ ಒಳಗೆ ಹೋಗುವ ತನಕ ನಿಂತಿದ್ದೆ.

ಅಕ್ಕಿಆಲೂರು ಮೇಲೆ ಹಾಯ್ದು ಹಾನಗಲ್ಲು ಮುಟ್ಟಿದಾಗ ಸಂಜೆ ಏಳು. ಗಿರಿಜಾ ನಾಳೆಯ ಖಾನಾವಳಿಗೆ ಹಿಟ್ಟು ಸಾಣಿಸುತ್ತಿದ್ದಳು. ಆಯಿಯ ಫೋನು ಬಂದಿತ್ತು, ಮಗಳದೂ ಬಂದಿತ್ತು. ಎಲ್ಲ ಗೊತ್ತಿತ್ತು.

"ಸಹನಾ ಸಿಟ್ಟಾದ್ಲಂತ?" ಎಂದಳು.

"ಆದ್ಲು. ಭಾಳ ಆದ್ಲು."

"ಚಲೋ ಹುಡುಗಿ." ಸಾಣಿಗೆ ತಟ್ಟಿದಳು. "ಆ ಮುದುಕಿ, ನೀವು ರೊಟ್ಟಿ ಮಾಡೂದ ಬ್ಯಾಡ, ಬರೇ ಉಣ್ಣಾಕ ಬರ್ರಿ ಅಂದ್ಲು. ನಾ ಯಾಕ ಬಿಡಲಿ? ಮಾಡತೇನಿ, ರೊಕ್ಕಾ ತೊಗೋತೇನಿ, ಕೈ ತೊಳಕೊಂಡು ಸೀರಿ ಬದಲಿ ಮಾಡಿ ಮಗಳ ಬಾಜೂಕ ಕುಂತು ಉಣ್ಣತೇನಿ ಅಂತ ಹೇಳೇನಿ."

ನಾನು ನಕ್ಕೆ. ಅವಳು ನಗಲಿಲ್ಲ.

"ಆಕಿ ಸಣ್ಣಾಕಿ, ತಪ್ಪ ಮಾಡಿದ್ಲು. ಆ ಫೋನ್ ಬಂದಾಗ ನೀವೂ ಅಲ್ಲೇ ಕುಂತಿದ್ರಿ. ನೀವ್ಯಾಕ ಸುಮ್ಮನಿದ್ರಿ?"

"ಮಗಳಿಗೆ ಮಾತ ಕೊಟ್ಟಿದ್ದೆ."

"ನನಗೂ ಕೊಟ್ಟಿದ್ರಿ," ಎಂದಳು, "ಮದುವಿ ದಿನ."

ಮಗಳು ಎರಡು ದಿನದಲ್ಲಿ ಬಾಯಿ ಬಿಟ್ಟಳು, ನಾನು ಬಿಡಲಿಲ್ಲ. ಓದಿದವರಲ್ಲಿ ಯಾರಾದರೂ ಹೀಗೆ ಮನೆಯ ಬಡತನವನ್ನು ಗೆಳೆಯರಿಂದ ಮುಚ್ಚಿಟ್ಟಿದ್ದರೆ, ಅಥವಾ ಮಕ್ಕಳು ಮುಚ್ಚಿಟ್ಟಾಗ ನನ್ನ ಹಾಗೆ ಸುಮ್ಮನೆ ಕುಳಿತಿದ್ದರೆ, ಆಮೇಲೆ ಹೆಂಡತಿಗೆ ಏನು ಹೇಳಿದಿರಿ ಎಂದು ನಾಲ್ಕು ಸಾಲು ಬರೆಯಿರಿ. ನಿಧಾನವಾದರೂ ಎಲ್ಲವನ್ನೂ ಓದುತ್ತೇನೆ.